ಬೀಗರ ವಂಶಾವಳಿ ಹುಡುಕುತ್ತಾ ಕಿಲ್ಕೆನ್ನಿಗೆ

ಓದುಗರು ಕೇಳಿದ್ದು

ಪ್ರಶ್ನೆ: ನಮ್ಮ ಮಗಳು ಐರ್ಲೆಂಡಿನಲ್ಲಿ ನರ್ಸ್. ಅಲ್ಲಿಯ ಹುಡುಗನನ್ನೇ ಮದುವೆಯಾಗಿದ್ದಾಳೆ. ಬೀಗರು ಕಿಲ್ಕೆನ್ನಿ ಕಡೆಯ ರೈತರು, ಹೈನುಗಾರಿಕೆ ಮಾಡುವವರು. ವಯಸ್ಸಿನಲ್ಲಿ ಹರ್ಲಿಂಗ್ ಅಂತ ಒಂದು ಆಟ ಆಡಿದವರಂತೆ. ಈ ಸಲ ಹೆಳವರು ನಮ್ಮ ಮನೆಗೆ ಬಂದಾಗ ಮೊಮ್ಮಗನ ಹೆಸರು ಬರೆಸಿದೆವು. ಅವರು ನಮ್ಮ ಏಳು ತಲೆಮಾರು ಹೇಳಿ ಮುಗಿಸಿ, ‘ಕೂಸಿನ ಅಪ್ಪನ ಕಡೆಯದು?’ ಅಂದರು. ಬೀಗರ ತಂದೆಯ ಹೆಸರು ಬಿಟ್ಟರೆ ನಮಗೆ ಏನೂ ಗೊತ್ತಿಲ್ಲ. ಬೀಗರನ್ನೇ ಕೇಳಿದರೆ ನಕ್ಕು ಮಾತು ಬದಲಿಸುತ್ತಾರೆ. ಆ ದೇಶದಲ್ಲಿ ವಂಶಾವಳಿ ಹೇಳುವವರು ಯಾರು? ನಾವು ಬರುವ ಬೇಸಿಗೆಗೆ ಅಲ್ಲಿಗೆ ಹೊರಟಿದ್ದೇವೆ.
— ಒಬ್ಬ ಅಜ್ಜಿ, ಗದಗ ಜಿಲ್ಲೆ

ಉತ್ತರ: ಅಮ್ಮ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ನಾನು ಕಿಲ್ಕೆನ್ನಿಯಲ್ಲಿ ಹನ್ನೊಂದು ವರ್ಷ ನರ್ಸ್ ಆಗಿದ್ದವಳು. ಅಲ್ಲಿಯ ರೈತರ ಮನೆಯಲ್ಲೇ ಬಾಡಿಗೆಗಿದ್ದೆ. ನಿಮ್ಮ ಬೀಗರು ನಕ್ಕು ಸುಮ್ಮನಾಗುವುದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

ಅಲ್ಲಿ ಹೆಳವರಿಲ್ಲ. ಆ ಕೆಲಸವನ್ನು ಕಾಗದ ಮಾಡುತ್ತದೆ. ಆದರೆ ಒಂದು ಮಾತು ನೆನಪಿಡಿ. ಹೆಸರು ಹಿಡಿದು ಹುಡುಕಿದರೆ ಕಾಗದ ಬಾಯಿ ಬಿಡುವುದಿಲ್ಲ. ಜಾಗ ಹಿಡಿದು ಹುಡುಕಬೇಕು.

ಯಾಕೆ ಅಂದ್ರೆ, ಅಲ್ಲಿಯೂ ಅಜ್ಜನ ಹೆಸರು ಮೊಮ್ಮಗನಿಗೆ. ಹಳೇ ಪದ್ಧತಿಯಲ್ಲಿ ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ತಾಯಿಯ ಅಪ್ಪನ ಹೆಸರು. ನಾಲ್ಕು ಜನ ಅಣ್ಣತಮ್ಮಂದಿರು ಒಂದೇ ಕಡೆ ಮನೆ ಮಾಡಿದರೆ ನಾಲ್ಕೂ ಮನೆಯ ದೊಡ್ಡ ಮಗ ಒಬ್ಬನೇ ಅಜ್ಜನ ಹೆಸರಿನವನು! ಅಡ್ಡಹೆಸರೂ ಒಂದೇ. ಹೀಗಾಗಿ ಬೀಗರನ್ನು ಮೊದಲು ಕೇಳಬೇಕಾದ್ದು ‘ನಿಮ್ಮ ಟೌನ್‌ಲ್ಯಾಂಡ್ ಯಾವುದು?’ ಅಂತ. ಟೌನ್ ಅಂದ ಮಾತ್ರಕ್ಕೆ ಪೇಟೆ ಅಂದುಕೊಳ್ಳಬೇಡಿ. ಅದು ನಮ್ಮ ಮಜರೆಯಷ್ಟು, ಎಷ್ಟೋ ಕಡೆ ಅದಕ್ಕಿಂತಲೂ ಚಿಕ್ಕದು. ಐದಾರು ಮನೆ, ಅವುಗಳ ಹೊಲ, ಅಷ್ಟೇ. ಐರ್ಲೆಂಡಿನಲ್ಲಿ ಇಂಥವು 60,000ಕ್ಕೂ ಜಾಸ್ತಿ ಇವೆ. ಪ್ರತಿಯೊಂದಕ್ಕೂ ಹೆಸರಿದೆ. ಹಳೇ ದಾಖಲೆ ಎಲ್ಲವೂ ಆ ಹೆಸರಿನ ಕೆಳಗೇ ಕೂತಿದೆ.

ಟೌನ್‌ಲ್ಯಾಂಡ್ ಸಿಕ್ಕಿತು ಅಂದುಕೊಳ್ಳಿ. ಮೊದಲು 1911ರ ಜನಗಣತಿ ತೆಗೆಯಿರಿ. 1901ರದ್ದೂ ಇದೆ. ಎರಡನ್ನೂ ಐರ್ಲೆಂಡಿನ ರಾಷ್ಟ್ರೀಯ ದಾಖಲೆ ಭಂಡಾರ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಇಟ್ಟಿದೆ. ನಿಮ್ಮ ಮಗಳು ಮೊಬೈಲಿನಲ್ಲೇ ತೋರಿಸಬಲ್ಲಳು. 1911ರ ಹಾಳೆಯನ್ನು ಮನೆಯ ಯಜಮಾನನೇ ತುಂಬಿ ಸಹಿ ಹಾಕಬೇಕಿತ್ತು. ಮುತ್ತಜ್ಜನ ಕೈಬರಹವನ್ನೇ ನೋಡಬಹುದು, ಓದು ಬರಹ ಬಾರದಿದ್ದರೆ ಅವರು ಹಾಕಿದ ಗುರುತನ್ನು. ಅದರಲ್ಲಿ ಒಂದು ಕಾಲಮ್ಮಿದೆ: ಮದುವೆಯಾಗಿ ಎಷ್ಟು ವರ್ಷ, ಹುಟ್ಟಿದ ಮಕ್ಕಳು ಎಷ್ಟು, ಈಗ ಬದುಕಿರುವವರು ಎಷ್ಟು. ಒಂಬತ್ತು, ಆರು ಅಂತ ಎರಡು ಅಂಕಿ ಪಕ್ಕಪಕ್ಕ ಇರುತ್ತವೆ. ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡಿದವಳು ನಾನು. ಆ ಎರಡು ಅಂಕಿ ಕಂಡರೆ ಮುಂದಿನ ಸಾಲಿಗೆ ಹೋಗುವುದು ನನಗೆ ಈಗಲೂ ತಡವಾಗುತ್ತದೆ.

ಜೊತೆಗೆ ಎಣಿಕೆದಾರ ತುಂಬಿದ ಇನ್ನೆರಡು ಹಾಳೆ ಇರುತ್ತವೆ. ಅದನ್ನು ಜನ ನೋಡುವುದೇ ಇಲ್ಲ. ಒಂದರಲ್ಲಿ ಮನೆಯ ವಿವರ: ಗೋಡೆ ಕಲ್ಲಿನದೋ ಮಣ್ಣಿನದೋ, ಚಾವಣಿ ಹುಲ್ಲಿನದೋ ಸ್ಲೇಟಿನದೋ, ಮುಂಭಾಗಕ್ಕೆ ಕಿಟಕಿ ಎಷ್ಟು. ಇನ್ನೊಂದರಲ್ಲಿ ಕೊಟ್ಟಿಗೆ, ಕುದುರೆ ಲಾಯ, ಹಂದಿ ಗೂಡು, ಕಣಜ ಎಷ್ಟೆಷ್ಟು ಅಂತ. ರೈತರ ಮನೆಯ ಚರಿತ್ರೆ ಬೇಕು ಅನ್ನುವವರಿಗೆ ಇದಕ್ಕಿಂತ ಇನ್ನೇನು ಬೇಕು? ಕೂತಲ್ಲೇ ಆ ಅಂಗಳ ಕಾಣುತ್ತದೆ.

ವಯಸ್ಸನ್ನು ಮಾತ್ರ ನಂಬಬೇಡಿ. 1901ರಲ್ಲಿ 55 ಅಂದವರು 1911ರಲ್ಲಿ 70 ಆಗಿರುವುದನ್ನು ನಾನೇ ನೋಡಿದ್ದೇನೆ. 1909ರಿಂದ ಎಪ್ಪತ್ತು ದಾಟಿದ ಬಡವರಿಗೆ ಪಿಂಚಣಿ ಶುರುವಾಗಿತ್ತು. ಎಷ್ಟೋ ಜನರಿಗೆ ಹುಟ್ಟಿದ ತಾರೀಖಿನ ಕಾಗದವೇ ಇರಲಿಲ್ಲ. ಐರ್ಲೆಂಡಿನಲ್ಲಿ ಎಲ್ಲರ ಜನನ ಮರಣ ನೋಂದಣಿ ಶುರುವಾದದ್ದೇ 1864ರಲ್ಲಿ.

ಅದಕ್ಕೂ ಹಿಂದಿನ ಜನಗಣತಿ ಕೇಳಿದರೆ ದುಃಖದ ಕತೆ. 1881 ಮತ್ತು 1891ರ ಹಾಳೆಗಳನ್ನು ಮೊದಲ ಮಹಾಯುದ್ಧದ ಕಾಲದಲ್ಲಿ ಕಾಗದದ ಅಭಾವ ಅಂತ ರದ್ದಿಗೆ ಹಾಕಿದರು. 1861 ಮತ್ತು 1871ರವನ್ನು ಸರ್ಕಾರ ಅದಕ್ಕೂ ಮೊದಲೇ ನಾಶ ಮಾಡಿಸಿತ್ತು. 1821ರಿಂದ 1851ರವರೆಗಿನವು ಬಹುಪಾಲು 1922ರ ಜೂನ್ 30ರಂದು, ಅಂತರ್ಯುದ್ಧದಲ್ಲಿ, ಡಬ್ಲಿನ್ನಿನ ಫೋರ್ ಕೋರ್ಟ್ಸ್ ಆವರಣದ ದಾಖಲೆ ಕಚೇರಿಯ ಜೊತೆ ಸುಟ್ಟುಹೋದವು. ಆದ್ದರಿಂದ ಹಿಂದಕ್ಕೆ ಹೋಗಲು ಚರ್ಚಿನ ದೀಕ್ಷಾಸ್ನಾನದ ಪುಸ್ತಕವೇ ಗತಿ. ಕ್ಯಾಥೋಲಿಕ್ ಚರ್ಚುಗಳ ಹಳೇ ಪುಸ್ತಕಗಳ ಚಿತ್ರಗಳನ್ನು ಅಲ್ಲಿಯ ರಾಷ್ಟ್ರೀಯ ಗ್ರಂಥಾಲಯ 2015ರಲ್ಲಿ ಎಲ್ಲರಿಗೂ ತೆರೆದಿಟ್ಟಿತು. ಎಷ್ಟೋ ಪುಸ್ತಕ ಲ್ಯಾಟಿನ್ನಿನಲ್ಲಿವೆ. ವಿಲಿಯಂ ಅಲ್ಲಿ ಗುಲಿಯೆಲ್ಮುಸ್ ಆಗಿರುತ್ತಾನೆ, ಜೇಮ್ಸ್ ಯಾಕೋಬುಸ್. ಹೆದರಬೇಡಿ. ತಾಯಿಯ ತವರಿನ ಹೆಸರೂ ಬರೆದಿರುತ್ತಾರೆ, ನಮಗೆ ಬೇಕಾದದ್ದು ಅದೇ ಅಲ್ವಾ.

ಇನ್ನು ಜಮೀನು. ನಮ್ಮಲ್ಲಿ ಪಹಣಿ, ಖಾತೆ ಬದಲಾವಣೆ ಇದ್ದ ಹಾಗೆ ಅಲ್ಲಿ ಭೂಮೌಲ್ಯದ ಪುಸ್ತಕಗಳಿವೆ. ಗ್ರಿಫಿತ್ ಎಂಬುವರ ಕೈಕೆಳಗೆ 1847ರಿಂದ 1864ರವರೆಗೆ ಇಡೀ ದೇಶದ ಹೊಲ ಮನೆ ಅಳೆದು ಯಾರ ವಶದಲ್ಲಿ ಎಷ್ಟು, ಧಣಿ ಯಾರು ಅಂತ ಬರೆದರು. ಆಮೇಲೆ ವಶ ಬದಲಾದಾಗಲೆಲ್ಲ ಹಳೇ ಹೆಸರಿಗೆ ಗೀಟು ಹೊಡೆದು ಪಕ್ಕದಲ್ಲಿ ಹೊಸ ಹೆಸರು, ಬಣ್ಣದ ಶಾಯಿಯಲ್ಲಿ. ಡಬ್ಲಿನ್ನಿನಲ್ಲಿ ಆ ಪುಸ್ತಕದ ಒಂದು ಪುಟದ ಮೇಲೆ ನಾನು ಬೆರಳಿಟ್ಟು ನೋಡಿದ್ದೇನೆ. ಕಪ್ಪು ಶಾಯಿಯಲ್ಲಿ ಅಜ್ಜ, ಕೆಂಪು ಶಾಯಿಯಲ್ಲಿ ವಿಧವೆ ಅಜ್ಜಿ, ಹಸಿರಿನಲ್ಲಿ ಮಗ. ಪಕ್ಕಕ್ಕೆ ಒಂದು ಮುದ್ರೆ: ಎಲ್.ಎ.ಪಿ. ಭೂ ಕಾಯ್ದೆಯ ಕೆಳಗೆ ಜಮೀನು ಕೊಂಡವರು ಅಂತ ಅದರ ಅರ್ಥ. ಗೇಣಿ ಕೊಡುತ್ತಿದ್ದ ಮನೆ ಜಮೀನಿನ ಒಡೆಯರಾದದ್ದು ಆ ಮೂರು ಅಕ್ಷರದಲ್ಲಿದೆ. ಅಲ್ಲಿ ಬಹಳಷ್ಟು ರೈತರಿಗೆ ಇದು ಆದದ್ದು 1903ರ ಕಾಯ್ದೆಯ ನಂತರ.

ಈಗ ಬೀಗರು ಮಾತು ಬದಲಿಸುವ ವಿಷಯ. ಇದಕ್ಕೆ ಟುಲ್ಲರೋನ್ ಊರಿನ ಹರ್ಲಿಂಗ್ ಆಟಗಾರ ಲೋರಿ ಮಾರ್ ಅವರ ಕತೆ ಹೇಳಲೇಬೇಕು. ಮಾರ್ ಅನ್ನುವ ಅಡ್ಡಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಇದ್ದ ಹಾಗೆ ಓದಿದರೆ ‘ಮೀಗರ್’ ಆಗುತ್ತದೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ವಾರ್ಡಿನಲ್ಲಿ ಹಾಗೇ ಕೂಗಿದೆ. ಮೂಲೆಯ ಹಾಸಿಗೆಯ ಅಜ್ಜ ಎದ್ದು ಕೂತು ಮೆಲ್ಲಗೆ ಹೇಳಿದರು: ‘ಮಾರ್ ಅನ್ನಮ್ಮ. ಲೋರಿಯ ಹೆಸರು ಅದು.’ ಲೋರಿ ಯಾರು ಅಂತ ಕೇಳಿದೆ. ಮಾತ್ರೆ ಕೈಯಲ್ಲೇ ಹಿಡಿದುಕೊಂಡು ಅರ್ಧ ಗಂಟೆ ಹೇಳಿದರು.

ಲೋರಿ ಹುಟ್ಟಿದ್ದು 1899ರಲ್ಲಿ, ಕಿಲ್ಕೆನ್ನಿ ಪಟ್ಟಣದ ಪಶ್ಚಿಮಕ್ಕಿರುವ ಟುಲ್ಲರೋನಿನ ಕುರಾ ಎಂಬ ಟೌನ್‌ಲ್ಯಾಂಡಿನಲ್ಲಿ. ರೈತರ ಮನೆ, ಹುಲ್ಲಿನ ಚಾವಣಿ. ಹರ್ಲಿಂಗ್ ಅಂದರೆ ಹದಿನೈದು ಜನರ ತಂಡ, ಕೈಯಲ್ಲಿ ಬುಡ ಬಾಗಿದ ಆಶ್ ಮರದ ಕೋಲು, ಸ್ಲಿಥರ್ ಅನ್ನುವ ಚರ್ಮದ ಚೆಂಡು. ಚೆಂಡು ಗಾಳಿಯಲ್ಲಿರುವಾಗಲೇ ಹೊಡೆಯುತ್ತಾರೆ. ನೋಡುವವರ ಎದೆ ಬಾಯಿಗೆ ಬರುತ್ತದೆ. ಆ ಕೋಲಿಗೆ ಐರಿಷ್ ಭಾಷೆಯಲ್ಲಿ ಕಮಾನ್ ಅನ್ನುತ್ತಾರೆ, ಬಾಗಿದ್ದು ಅಂತ. ನಮ್ಮ ಕಮಾನಿಗೂ ಅದಕ್ಕೂ ನಂಟಿಲ್ಲ, ಆದರೂ ಕೇಳಿದಾಗ ನನಗೆ ಖುಷಿಯಾಗಿತ್ತು.

ಲೋರಿ ಕಿಲ್ಕೆನ್ನಿ ಪರವಾಗಿ ಆಡಿ 1932, 1933, 1935ರಲ್ಲಿ ಅಖಿಲ ಐರ್ಲೆಂಡ್ ಪದಕ ಗೆದ್ದರು. 1935ರಲ್ಲಿ ಅವರೇ ನಾಯಕ. ಆದರೆ ಜನ ಇವತ್ತಿಗೂ ಹೇಳುವುದು ಸೋತ ವರ್ಷದ ಕತೆ. 1931ರ ಫೈನಲ್, ಎದುರಿಗೆ ಕಾರ್ಕ್. ಮೊದಲ ಪಂದ್ಯ ಸಮ. ಮತ್ತೆ ಆಡಿಸಿದರು, ಅದೂ ಸಮ. ಎರಡನೆಯದರಲ್ಲಿ ಲೋರಿಯ ಪಕ್ಕೆಲುಬು ಮುರಿಯಿತು. ಮೂರನೆಯದಕ್ಕೆ ಇಳಿಯಲಾಗಲಿಲ್ಲ, ಕಿಲ್ಕೆನ್ನಿ ಸೋತಿತು. ವಾರ್ಡಿನ ಅಜ್ಜ ಇದನ್ನು ಹೇಳುವಾಗ ತಮ್ಮ ಪಕ್ಕೆಯನ್ನೇ ಕೈಯಿಂದ ಹಿಡಿದುಕೊಂಡಿದ್ದರು.

ಇಷ್ಟು ದೊಡ್ಡ ಆಟಗಾರ ತನ್ನ ಬಗ್ಗೆ ಬಾಯಿ ಬಿಡುತ್ತಿರಲಿಲ್ಲ. ಅಲ್ಲಿ ಎಲ್ಲರೂ ಹೇಳುವ ಒಂದು ಪ್ರಸಂಗವಿದೆ. ಪತ್ರಕರ್ತನೊಬ್ಬ ಹುಡುಕಿಕೊಂಡು ಬಂದು ದಾರಿಯಲ್ಲಿ ಸಿಕ್ಕವರನ್ನು ‘ಲೋರಿ ಮಾರ್ ಎಲ್ಲಿ?’ ಅಂತ ಕೇಳಿದನಂತೆ. ‘ಈಗಷ್ಟೇ ಆ ಕಡೆ ಹೋದರು’ ಅಂತ ದಾರಿ ತೋರಿಸಿದವರು ಸಾಕ್ಷಾತ್ ಲೋರಿಯೇ ಅಂತೆ! ಅವರು ಮದುವೆಯಾಗಲಿಲ್ಲ. ಆ ಜಮೀನಿನಲ್ಲೇ ಬದುಕಿ 1973ರಲ್ಲಿ ತೀರಿಕೊಂಡರು. ಆ ಮನೆಯನ್ನು ಈಗ ಅವರ ಹೆಸರಿನ ವಸ್ತುಸಂಗ್ರಹಾಲಯ ಮಾಡಿದ್ದಾರೆ.

ಅವರ ತಂದೆ ಹೆನ್ರಿ ಮಾರ್ ಅವರ ಬಗ್ಗೆಯೂ ಒಂದು ಮಾತು. 1884ರ ನವೆಂಬರ್ 1ರಂದು ಥರ್ಲ್ಸ್ ಊರಿನ ಹೇಯ್ಸ್ ಹೋಟೆಲಿನಲ್ಲಿ, ಹರ್ಲಿಂಗ್ ನಡೆಸುವ ಗೇಲಿಕ್ ಆಟಗಳ ಸಂಘ ಹುಟ್ಟಿತು. ಆ ಕೋಣೆಯಲ್ಲಿ ಹೆನ್ರಿಯೂ ಇದ್ದರು ಅಂತ ಊರವರು ಹೇಳಿಕೊಂಡು ಬಂದಿದ್ದಾರೆ. ಸ್ಥಾಪಕರು ಅಂತ ಎಲ್ಲ ಕಡೆ ಬರೆಯುವ ಏಳು ಹೆಸರಿನಲ್ಲಿ ಅವರ ಹೆಸರಿಲ್ಲ. ನಿಮ್ಮ ಬೀಗರ ಮನೆಯಲ್ಲೂ ಇಂಥ ಒಂದು ಮಾತು ಸಿಕ್ಕೇ ಸಿಗುತ್ತದೆ. ಆಗ ಕಾಗದದ್ದನ್ನು ಒಂದು ಕಡೆ, ಬಾಯಿಮಾತನ್ನು ಇನ್ನೊಂದು ಕಡೆ ಬರೆದಿಡಿ. ಯಾವುದನ್ನೂ ಅಳಿಸಬೇಡಿ. ಮನೆಯವರು ನೂರು ವರ್ಷ ಹೇಳಿಕೊಂಡು ಬಂದದ್ದು ಅದೇ ಒಂದು ಚರಿತ್ರೆ ಅಂತ ನಾನು ನಂಬಿದ್ದೇನೆ.

ಹಾಗಾಗಿ ಬೀಗರನ್ನು ‘ನಿಮ್ಮ ಬಗ್ಗೆ ಹೇಳಿ’ ಅಂತ ಕೇಳಬೇಡಿ. ಅಲ್ಲಿ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವುದು ದೊಡ್ಡಸ್ತಿಕೆ ಅನ್ನಿಸಿಕೊಳ್ಳುತ್ತದೆ. ನಾನು ಬಾಡಿಗೆಗಿದ್ದ ಮನೆಯ ಯಜಮಾನರೂ ಹಾಗೇ. ಎರಡು ವರ್ಷ ಹವಾಮಾನ ಬಿಟ್ಟು ಬೇರೆ ಮಾತೇ ಇರಲಿಲ್ಲ. ಒಂದು ಫೆಬ್ರವರಿ ರಾತ್ರಿ ಹಸು ಕರು ಹಾಕುವುದಿತ್ತು. ನಾನೂ ಟಾರ್ಚ್ ಹಿಡಿದು ಕೊಟ್ಟಿಗೆಗೆ ಹೋದೆ. ಬಾಗಿಲ ಮೇಲಿನ ತೊಲೆಯಲ್ಲಿ ಮೂರು ಹರ್ಲಿಂಗ್ ಕೋಲು ಸಿಕ್ಕಿಸಿದ್ದರು. ಒಂದರ ಅಗಲ ತುದಿ ಸೀಳಿತ್ತು, ಸುತ್ತ ತಗಡಿನ ಪಟ್ಟಿ ಬಡಿದು ಮೊಳೆ ಹೊಡೆದಿತ್ತು. ‘ಇದು ಯಾರದ್ದು?’ ಅಂದೆ. ಇಳಿಸಿ ಕೈಗೆ ಕೊಟ್ಟರು. ಹಿಡಿಕೆ ಎಣ್ಣೆ ಕುಡಿದ ಹಾಗೆ ನುಣ್ಣಗಿತ್ತು. ಅಪ್ಪನದು, ಮರ ನಮ್ಮದೇ ಬೇಲಿಯದು, ಕಡಿದ ವರ್ಷ ಚಿಕ್ಕಪ್ಪ ಅಮೆರಿಕಕ್ಕೆ ಹೋದ, ಮತ್ತೆ ಬರಲಿಲ್ಲ ಅಂತ ಒಂದರ ಹಿಂದೆ ಒಂದು ಬಂತು. ಕರು ಹುಟ್ಟುವಷ್ಟರಲ್ಲಿ ಮೂರು ತಲೆಮಾರು ಮುಗಿದಿತ್ತು.

ನೀವೂ ಹಾಗೇ ಮಾಡಿ. ಕೋಲು ಯಾರದ್ದು ಅಂತ ಕೇಳಿ. ಒಂದೊಂದು ಹೊಲದ ಹೆಸರು ಕೇಳಿ, ಅಲ್ಲಿ ಹೊಲಕ್ಕೂ ಹೆಸರಿದೆ. ಯಾವ ಹೊಲದಲ್ಲಿ ಚೆಂಡು ಹೊಡೆದು ಕಲಿತಿರಿ ಅಂತ ಕೇಳಿ. ಅಲ್ಲಿ ಕ್ಲಬ್ ಅಂದರೆ ಚರ್ಚಿನ ಸರಹದ್ದು. ಹುಟ್ಟಿದ ಊರಿನ ಕ್ಲಬ್ಬಿಗೇ ಆಡುವುದು ವಾಡಿಕೆ. ಆದ್ದರಿಂದ ಕ್ಲಬ್ಬಿನ ಗೋಡೆಯ ತಂಡದ ಫೋಟೋಗಳಲ್ಲಿ ಬೀಗರ ಅಪ್ಪ, ಚಿಕ್ಕಪ್ಪಂದಿರು ಸಾಲಾಗಿ ಸಿಕ್ಕರೂ ಸಿಕ್ಕಾರು. ಕಿಲ್ಕೆನ್ನಿ ಪಟ್ಟಣದ ರೋತ್ ಹೌಸ್‌ಗೂ ಒಮ್ಮೆ ಹೋಗಿ. ಆ ಜಿಲ್ಲೆಯ ವಂಶಾವಳಿ ಹುಡುಕಿಕೊಡುವವರು ಅಲ್ಲಿದ್ದಾರೆ. ಅದು 1594ರಲ್ಲಿ ಕಟ್ಟಿದ ಮನೆ, ನೋಡಲೂ ಚೆನ್ನಾಗಿದೆ.

ಸಿಕ್ಕಿದ್ದನ್ನು ಹೆಳವರ ಪುಸ್ತಕಕ್ಕೆ ಬರೆಸುವಾಗ ಟೌನ್‌ಲ್ಯಾಂಡಿನ ಹೆಸರನ್ನು ಮರೆಯದೆ ಸೇರಿಸಿ. ಬರೆಸಿದ ಮೇಲೆ ನನಗೂ ಒಂದು ಪತ್ರ ಹಾಕಿ, ಕಾಯುತ್ತಿರುತ್ತೇನೆ.

ಪ್ರಶ್ನೆ: ಹರ್ಲಿಂಗ್ ಫೈನಲ್ಲಿಗೆ ಎಂಬತ್ತು ಸಾವಿರ ಜನ ಸೇರುತ್ತಾರೆ ಅಂತ ಓದಿದೆ. ಹಾಗಾದರೆ ಆಟಗಾರರಿಗೆ ಎಷ್ಟು ಸಂಬಳ?
— ಕಾಲೇಜು ವಿದ್ಯಾರ್ಥಿ, ಹಾಸನ

ಉತ್ತರ: ಸಂಬಳ ಇಲ್ಲ. ಡಬ್ಲಿನ್ನಿನ ಕ್ರೋಕ್ ಪಾರ್ಕಿನಲ್ಲಿ 82,000 ಜನ ಹಿಡಿಸುತ್ತಾರೆ ಅನ್ನುವುದು ನಿಜ. ಆದರೆ ಆಡುವವರು ಹವ್ಯಾಸಿಗಳು. ಓಡಾಟದ ಖರ್ಚು, ಸರ್ಕಾರದ ಒಂದಿಷ್ಟು ನೆರವು ಸಿಗುತ್ತದೆ, ಅಷ್ಟೇ. ಮೇಷ್ಟ್ರು, ಪೊಲೀಸರು, ಬಡಗಿಗಳು, ರೈತರು ಎಲ್ಲರೂ ತಂಡದಲ್ಲಿರುತ್ತಾರೆ. ಭಾನುವಾರ ಅಷ್ಟು ಜನರ ಮುಂದೆ ಆಡಿದ ರೈತ ಸೋಮವಾರ ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ ಕೊಟ್ಟಿಗೆಯಲ್ಲಿರಬೇಕು.