ಕಲಬುರಗಿಯಲ್ಲಿ ದಿನಾ ಓಡಿಸೋಕೆ ಮಾರುತಿ ಸ್ವಿಫ್ಟ್ ಕಾರು ಒಳ್ಳೆಯದಾ, ಹ್ಯುಂಡೈ ಐ20 ಎನ್ ಲೈನಾ?

ಓಡಾಟ ಜಾಸ್ತಿ ಊರೊಳಗೇ ಇದ್ದರೆ ಸ್ವಿಫ್ಟ್ ಸಾಕು. ವಾರಕ್ಕೊಮ್ಮೆಯಾದರೂ ಬೀದರ್ ಕಡೆ ಹೋಗುವವರಾದರೆ ಐ20 ಎನ್ ಲೈನ್ ತಗೊಳ್ಳಿ.

ಕಾರಣ ಟಾರ್ಕ್, ಅಂದರೆ ಇಂಜಿನ್‌ನ ಎಳೆತ. ಸ್ವಿಫ್ಟ್‌ನದು ಸುಮಾರು 112 ನ್ಯೂಟನ್ ಮೀಟರ್, ಅದೂ ಪೂರ್ತಿ ಸಿಗೋದು ಇಂಜಿನ್ ನಿಮಿಷಕ್ಕೆ 4300 ಸುತ್ತು ತಿರುಗಿದಾಗ. ಐ20 ಎನ್ ಲೈನ್‌ಗೆ ಟರ್ಬೊ ಇದೆ. ಅದು ಹೊಗೆಯ ರಭಸದಿಂದಲೇ ತಿರುಗಿ ಇಂಜಿನ್‌ಗೆ ಹೆಚ್ಚು ಗಾಳಿ ತುಂಬುತ್ತದೆ, ಹಾಗಾಗಿ 1500 ಸುತ್ತಿಗೇ 172 ಸಿಗುತ್ತದೆ. ಹುಮನಾಬಾದ್ ದಾರಿಯಲ್ಲಿ ತೊಗರಿ ಚೀಲ ಹೇರಿಕೊಂಡ ಲಾರಿ ಮುಂದೆ ತೆವಳುತ್ತಿರುತ್ತದಲ್ಲ, ಅದನ್ನು ದಾಟುವಾಗ ಸ್ವಿಫ್ಟ್‌ನಲ್ಲಿ ಗೇರ್ ಇಳಿಸಿ ಇಂಜಿನ್ ಕಿರುಚಿಸಬೇಕು, ಐ20ಯಲ್ಲಿ ಸುಮ್ನೆ ಕಾಲು ಒತ್ತಿದರೆ ಆಯಿತು. ಊರೊಳಗೆ ಸೂಪರ್ ಮಾರ್ಕೆಟ್ ಪ್ರದೇಶದ ಗದ್ದಲದಲ್ಲಿ ಎರಡನೇ ಗೇರೇ ದಾಟೋದಿಲ್ಲ, ಅಲ್ಲಿ ಆ ಶಕ್ತಿ ತಗೊಂಡು ಏನು ಮಾಡ್ತೀರಿ?

ಇನ್ನೊಂದು, ಟೈರ್ ನೋಡಿ. ಐ20 ಎನ್ ಲೈನ್‌ನದು 195/55. ಅಂದರೆ ಟೈರ್ ಅಗಲ 195 ಮಿ.ಮೀ., ಅದರ ಗೋಡೆಯ ಎತ್ತರ ಆ ಅಗಲದ ಶೇ. 55, ಸುಮಾರು 107 ಮಿ.ಮೀ. ಸ್ವಿಫ್ಟ್‌ನ ಮೇಲಿನ ಮಾಡೆಲ್‌ಗಳಲ್ಲಿ 185/65, ಸುಮಾರು 120. ಗುಂಡಿಗೆ ಬಿದ್ದಾಗ ಪೆಟ್ಟು ನುಂಗೋದು ಈ ಗೋಡೆಯೇ. ಮಳೆಗಾಲ ಮುಗಿದ ಮೇಲೆ ನಮ್ಮ ಬಡಾವಣೆಗಳ ರಸ್ತೆ ಹೇಗಿರುತ್ತದೆ ನಿಮಗೂ ಗೊತ್ತು. ಆದರೂ ಆ ಎಳೆತಕ್ಕಾಗಿ ನಾನಾಗಿದ್ದರೆ ಐ20ಯನ್ನೇ ತಗೋತೀನಿ, ಗುಂಡಿ ಕಂಡಲ್ಲಿ ನಿಧಾನ ಮಾಡ್ತೀನಿ.