ಮುಖಕ್ಕೆ ಬಟ್ಟೆ ಕಟ್ಟಿಕೊಂಡೇ ಔಷಧಿ ಹೊಡೆದರೂ ತಲೆನೋವು, ವಾಕರಿಕೆ ಏಕೆ?

ನೀವು ಕೇಳಿದ್ದು ಇಷ್ಟು: ಹೊಲದಲ್ಲಿ ಕೀಟನಾಶಕ ಹೊಡೆಯುವವರು ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡೇ ಕೆಲಸ ಮಾಡುತ್ತಾರೆ, ಆದರೂ ಸಂಜೆಯ ಹೊತ್ತಿಗೆ ತಲೆನೋವು, ವಾಕರಿಕೆ, ಕೈಕಾಲು ಸೋಲು. ಕೇಳಿದರೆ ‘ಬಿಸಿಲಿಗೆ ಹೀಗಾಗುತ್ತೆ’ ಅನ್ನುತ್ತಾರೆ. ಇದು ಬಿಸಿಲೋ, ವಿಷವೋ?

ಬಟ್ಟೆ ಕಟ್ಟಿರುವುದು ಮೂಗಿಗೆ, ವಿಷ ಹೋಗುತ್ತಿರುವುದು ಚರ್ಮದಿಂದ. ಬಯಲಿನಲ್ಲಿ ಸಿಂಪಡಿಸುವವರ ಮೈಗೆ ಸೇರುವ ಕೀಟನಾಶಕದಲ್ಲಿ ದೊಡ್ಡ ಪಾಲು ಚರ್ಮದ ದಾರಿಯದೇ. (ಗೋದಾಮಿನ ಹೊಗೆಮದ್ದು, ಮುಚ್ಚಿದ ಹಸಿರುಮನೆಯ ಲೆಕ್ಕ ಬೇರೆ.) ಚರ್ಮ ಕೂಡ ಎಲ್ಲ ಕಡೆ ಒಂದೇ ಸಮ ಹೀರುವುದಿಲ್ಲ. ಪ್ಯಾರಾಥಿಯಾನ್ ಎಂಬ ಕೀಟನಾಶಕದ ಬಗ್ಗೆ 1971ರಲ್ಲಿ ಪ್ರಕಟವಾದ ಅಳತೆಗಳ ಪ್ರಕಾರ, ಮೇಲೆ ಬಿದ್ದದ್ದರಲ್ಲಿ ಮೊಣಕೈ ಕೆಳಗಿನ ತೋಳು ಸುಮಾರು ಶೇ 9ರಷ್ಟು ಹೀರಿದರೆ ಅಂಗೈ 12, ಹೊಟ್ಟೆ 18, ನೆತ್ತಿ 32, ಹಣೆ 36, ವೃಷಣದ ಚರ್ಮ ಹೆಚ್ಚುಕಡಿಮೆ ಪೂರ್ತಿ 100. ಔಷಧಿ ಅಂಟಿದ ಕೈಯಲ್ಲಿ ಹಣೆಯ ಬೆವರು ಒರೆಸಿಕೊಳ್ಳುವುದು, ಕೈ ತೊಳೆಯದೆ ಮೂತ್ರಕ್ಕೆ ಹೋಗುವುದು ಎಷ್ಟು ದುಬಾರಿ ಅಂತ ಇದರಿಂದಲೇ ಗೊತ್ತಾಗುತ್ತದೆ. ಮೂಗಿನ ಮೇಲಿನ ಆ ಬಟ್ಟೆಯೂ ಹನಿ ಬಿದ್ದು ಒದ್ದೆಯಾದ ಮೇಲೆ ರಕ್ಷಣೆಯಲ್ಲ. ವಿಷದ ಪಟ್ಟಿಯನ್ನು ತುಟಿಗೆ ಒತ್ತಿ ಕಟ್ಟಿದಂತೆ. ಆವಿ ತಡೆಯಲು ಸಾವಯವ ಆವಿಯ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು, ಅದೂ ಗಡ್ಡದ ಮೇಲೆ ಸರಿಯಾಗಿ ಕೂರುವುದಿಲ್ಲ.

ಇನ್ನು ಅತಿ ಅಪಾಯದ ಗಳಿಗೆ ಯಾವುದು? ಹೊಡೆಯುವಾಗ ಅಲ್ಲ, ಬೆರೆಸುವಾಗ. ಲೀಟರಿಗೆ 2 ಮಿಲಿ ಹಾಕುವ ಔಷಧಿ ಎಂದುಕೊಳ್ಳಿ. ಬಾಟಲಿಯಿಂದ ನೇರ ಕೈಮೇಲೆ ಬಿದ್ದ 1 ಮಿಲಿಯಲ್ಲಿ, ಬೆರೆಸಿದ ಅರ್ಧ ಲೀಟರ್ ನೀರಿನಲ್ಲಿ ಇರುವಷ್ಟೇ ವಿಷ ಇರುತ್ತದೆ. ಅರ್ಧ ಲೀಟರ್ ಸ್ಪ್ರೇ ಮೈಮೇಲೆ ಸುರಿದರೆ ಯಾರಾದರೂ ಕೆಲಸ ನಿಲ್ಲಿಸಿ ಸ್ನಾನಕ್ಕೆ ಓಡುತ್ತಾರೆ. ಬೆರಳ ಮೇಲಿನ ಆ ಒಂದು ಮಿಲಿಯನ್ನು ಪ್ಯಾಂಟಿಗೆ ಒರೆಸಿಕೊಂಡು ಮುಂದುವರಿಯುತ್ತಾರೆ. ‘ಔಷಧಿ’ ಎಂಬ ಹೆಸರೇ ಕೈಯ ಎಚ್ಚರ ತಪ್ಪಿಸುತ್ತದೆ ಅನ್ನುವುದು ನನ್ನ ಗುಮಾನಿ. ಬಾಟಲಿಯ ಮುಚ್ಚಳದಲ್ಲೇ ಅಳೆಯುವುದು, ಕೈಹಾಕಿ ಕಲಕುವುದು, ಸೀಲನ್ನು ಹಲ್ಲಿನಿಂದ ಕೀಳುವುದು, ಈ ಮೂರನ್ನು ನಿಲ್ಲಿಸಿದರೆ ಅರ್ಧ ಕೆಲಸ ಆದಂತೆ. ಅಳತೆ ಕಪ್ಪು, ಉದ್ದ ಕೋಲು, ಚಾಕು ಬೇರೆಯೇ ಇರಲಿ, ಬೇರೆ ಯಾವುದಕ್ಕೂ ಬಳಸಬೇಡಿ. ಬಾಟಲಿಯನ್ನು ಸೊಂಟಕ್ಕಿಂತ ಕೆಳಗೆ ಹಿಡಿದು, ಗಾಳಿ ಬೆನ್ನಿಗೆ ಬರುವಂತೆ ನಿಂತು ಸುರಿಯಿರಿ.

ಎಲ್ಲಕ್ಕೂ ಹಣ ಇಲ್ಲದಿದ್ದರೆ ಮೊದಲು ಕೊಳ್ಳಬೇಕಾದದ್ದು ಗ್ಲೌಸು, ಮಾಸ್ಕ್ ಆಮೇಲೆ. ಒಳಗೆ ಬಟ್ಟೆಯ ಅಸ್ತರಿಲ್ಲದ, ಸುಮಾರು 0.4 ಮಿಮೀ ದಪ್ಪದ ನೈಟ್ರೈಲ್ ಗ್ಲೌಸು, ಮಣಿಕಟ್ಟು ದಾಟಿ ಮೇಲೆ ಬರುವಂಥದ್ದು. ಬಟ್ಟೆಯದು, ಚರ್ಮದ್ದು ಬೇಡವೇ ಬೇಡ. ಅವು ಹೀರಿಕೊಂಡು ದಿನವಿಡೀ ಕೈಗೆ ವಿಷ ಉಣಿಸುತ್ತವೆ. ನೆಲದ ಕಡೆಗೆ ಹೊಡೆಯುವಾಗ ತೋಳಿನ ಬಟ್ಟೆ ಗ್ಲೌಸಿನ ಮೇಲೆ ಬರಲಿ. ಮರಗಳಿಗೆ ತಲೆಯ ಮೇಲಕ್ಕೆ ಹೊಡೆಯುವಾಗ ಗ್ಲೌಸು ತೋಳಿನ ಮೇಲೆ ಬಂದು ಅಂಚು ಮಡಚಿರಲಿ, ಇಲ್ಲವಾದರೆ ಹನಿ ಸೀದಾ ಒಳಗಿಳಿಯುತ್ತದೆ. ಪ್ಯಾಂಟು ಬೂಟಿನ ಹೊರಗೇ ಇರಬೇಕು, ಒಳಗೆ ತುರುಕಬಾರದು. ಗ್ಲೌಸನ್ನು ತೆಗೆಯುವ ಮೊದಲೇ, ಹಾಕಿಕೊಂಡಿರುವಾಗಲೇ ಸೋಪಿನಿಂದ ತೊಳೆಯಿರಿ. ಒಳಭಾಗಕ್ಕೆ ಒಮ್ಮೆ ವಿಷ ಸೇರಿದರೆ ಆ ಗ್ಲೌಸು ಬರಿಗೈಗಿಂತ ಕಡೆ.

ಬೆನ್ನಿನ ಪಂಪನ್ನು ಪ್ರತಿ ಸಲ ಬರೀ ನೀರು ತುಂಬಿಸಿ ಒತ್ತಡ ಕೊಟ್ಟು ನೋಡಿ. ಸೋರುವ ಜಾಗಗಳು ಸಾಮಾನ್ಯವಾಗಿ ನಾಲ್ಕು: ಟ್ಯಾಂಕಿನ ಮುಚ್ಚಳದ ವಾಷರ್, ಪೈಪು ಟ್ಯಾಂಕಿಗೆ ಸೇರುವ ಕಡೆ, ಹಿಡಿಕೆಯ ಕಟ್‌ಆಫ್ ವಾಲ್ವು, ನಾಜಲ್ ಬುಡ. ಮುಚ್ಚಳದ್ದೇ ಕೆಟ್ಟದ್ದು. ಪ್ರತಿ ಹೆಜ್ಜೆಗೂ ಸ್ವಲ್ಪ ತುಳುಕಿ, ಬೆನ್ನಿನ ಅಂಗಿ ನೆನೆದು, ಸೊಂಟದ ಪಟ್ಟಿಗೆ ಇಳಿದು, ಒಳಉಡುಪಿಗೆ ಸೇರುತ್ತದೆ, ಅಂದರೆ ಅತಿ ಹೆಚ್ಚು ಹೀರುವ ಜಾಗಕ್ಕೇ. ಬೆವರೂ ಬೆರೆತಿರುವುದರಿಂದ ಹೊತ್ತವರಿಗೆ ಗೊತ್ತೇ ಆಗುವುದಿಲ್ಲ. ಬೆಲೆಯಲ್ಲಿ ಲೆಕ್ಕಕ್ಕಿಲ್ಲದ ಒಂದು ರಬ್ಬರ್ ಬಳೆ ಬದಲಿಸಿದರೆ ಇದು ನಿಲ್ಲುತ್ತದೆ. ನಾಜಲ್ ಕಟ್ಟಿಕೊಂಡರೆ ಬಾಯಿಂದ ಊದಬಾರದು, ತಂತಿಯನ್ನೂ ಚುಚ್ಚಬಾರದು (ತೂತು ಹಿಗ್ಗಿ ಹನಿಯ ಗಾತ್ರ, ಅಳತೆ ಎರಡೂ ಕೆಡುತ್ತವೆ); ನೀರು ಮತ್ತು ಮೆತ್ತನೆ ಬ್ರಷ್ ಸಾಕು.

ನಡೆಯುವ ರೀತಿಯೂ ಮುಖ್ಯ. ಎದುರಿಗೆ ಎಡಕ್ಕೂ ಬಲಕ್ಕೂ ಬೀಸುತ್ತಾ, ಆಗಷ್ಟೇ ನೆನೆದ ಗಿಡಗಳ ನಡುವೆಯೇ ನುಗ್ಗಿದರೆ ತೊಡೆಯಿಂದ ಕೆಳಗೆ ಪೂರ್ತಿ ಒದ್ದೆ. ಗಾಳಿ ಪಕ್ಕದಿಂದ ಬೀಸುವಂತೆ ನಿಂತು, ಗಾಳಿ ಹೋಗುವ ಕಡೆಗೆ ಮಾತ್ರ ಹೊಡೆಯುತ್ತಾ, ಪ್ರತಿ ಸಾಲು ಮುಗಿದಾಗ ಗಾಳಿ ಬರುವ ಕಡೆಗೆ, ಇನ್ನೂ ಹೊಡೆಯದ ಒಣ ಸಾಲಿಗೆ ಸರಿಯಿರಿ. ಎಲೆಯೇ ಅಲುಗದ ನಿಶ್ಚಲ ಮುಂಜಾವು ಒಳ್ಳೆಯದು ಅನ್ನಿಸಿದರೂ ಅಲ್ಲ, ಸಣ್ಣ ಹನಿ ಕೆಳಗಿಳಿಯದೆ ತಲೆಯ ಮಟ್ಟದಲ್ಲೇ ತೇಲುತ್ತಿರುತ್ತದೆ. ಹೊಡೆಯದವರಿಗೂ ಅಪಾಯವಿದೆ: ಮರುದಿನ ಕಳೆ ಕೀಳುವವರು, ಕಾಯಿ ಬಿಡಿಸುವವರು, ಮನೆಯಲ್ಲಿ ಆ ಬಟ್ಟೆ ಒಗೆಯುವವರು. ಎಷ್ಟು ಗಂಟೆ ಹೊಲಕ್ಕಿಳಿಯಬಾರದು ಎಂಬುದು ಲೇಬಲ್‌ನಲ್ಲಿರುತ್ತದೆ. ಇಲ್ಲದಿದ್ದರೆ ನಾನು 24 ಗಂಟೆಗಿಂತ ಕಡಿಮೆ ಹೇಳುವುದಿಲ್ಲ. ಬಟ್ಟೆ ಬೇರೆಯಾಗಿ, ಬಿಸಿನೀರಿನಲ್ಲಿ, ಗ್ಲೌಸು ಹಾಕಿ ಒಗೆಯಬೇಕು. ಗಾಢ ಔಷಧಿಯಲ್ಲೇ ನೆನೆದದ್ದನ್ನು ಒಗೆಯಲು ಹೋಗಬೇಡಿ, ಬಿಸಾಡಿ. ಲೇಬಲ್‌ನ ಹಸಿರು ಬಣ್ಣ ‘ಅಪಾಯ ಇಲ್ಲ’ ಎಂಬ ಗುರುತಲ್ಲ, ಕೆಂಪು, ಹಳದಿ, ನೀಲಿಗಿಂತ ತೀವ್ರತೆ ಕಡಿಮೆ ಎಂದಷ್ಟೇ.

ಈಗ ಬಿಸಿಲಿನ ಮಾತು. ತಲೆನೋವು, ವಾಕರಿಕೆ, ಬೆವರು, ಸುಸ್ತು ಎರಡರಲ್ಲೂ ಇವೆ, ಗೊಂದಲ ಸಹಜ. ಕಣ್ಣು, ಬಾಯಿ ನೋಡಿ. ಬಿಸಿಲಿನ ಬಳಲಿಕೆಯಲ್ಲಿ ಬಾಯಿ ಒಣಗಿರುತ್ತದೆ. ಆರ್ಗನೋಫಾಸ್ಫೇಟ್ ಅಥವಾ ಕಾರ್ಬಮೇಟ್ ಎಂಬ ಗುಂಪುಗಳ ಕೀಟನಾಶಕದ ವಿಷವಾದರೆ ಜೊಲ್ಲು, ಕಣ್ಣೀರು ಸುರಿಯುತ್ತವೆ, ಕಣ್ಣಪಾಪೆ ಸೂಜಿಮೊನೆಯಷ್ಟು ಕುಗ್ಗಿ ನೋಟ ಮಂಜಾಗುತ್ತದೆ, ಹೊಟ್ಟೆ ಹಿಂಡಿ ಭೇದಿ ಆಗಬಹುದು, ರೆಪ್ಪೆ ಮತ್ತು ತೊಡೆಯ ಸ್ನಾಯು ತಾನಾಗಿ ಅದುರುತ್ತವೆ, ಎದೆಯಲ್ಲಿ ಗೊರಗೊರ ಸದ್ದು. ಆದರೆ ಪಾಪೆ ಕುಗ್ಗಿಲ್ಲ ಎಂದಮಾತ್ರಕ್ಕೆ ವಿಷವಲ್ಲ ಅನ್ನಬೇಡಿ. ಪೈರೆಥ್ರಾಯ್ಡ್ ಎಂಬ ಇನ್ನೊಂದು ಗುಂಪಿನ ಕೀಟನಾಶಕ ಆದರೆ ಮುಖದಲ್ಲಿ ಚುರುಚುರು, ಜೋಮು. ಅನುಮಾನವಿದ್ದರೆ ವಿಷವೆಂದೇ ನಡೆದುಕೊಳ್ಳಿ.

ದಿನ ಕಳೆದಂತೆ ಈ ತೊಂದರೆ ಹೆಚ್ಚಾಗುವುದಕ್ಕೂ ಕಾರಣವಿದೆ. ಆರ್ಗನೋಫಾಸ್ಫೇಟ್, ಕಾರ್ಬಮೇಟ್ ಎರಡೂ ನರದ ಸಂದೇಶವನ್ನು ನಿಲ್ಲಿಸುವ ಕೋಲಿನೆಸ್ಟರೇಸ್ ಕಿಣ್ವವನ್ನು ಕಟ್ಟಿಹಾಕುತ್ತವೆ. ಕಾರ್ಬಮೇಟ್ ಬೇಗ ಬಿಡುತ್ತದೆ. ಆರ್ಗನೋಫಾಸ್ಫೇಟ್ ಶಾಶ್ವತವಾಗಿ ಹಿಡಿದುಬಿಟ್ಟರೆ ಕೆಂಪು ರಕ್ತಕಣದಲ್ಲಿನ ಕಿಣ್ವ ದಿನಕ್ಕೆ ಸುಮಾರು ಶೇ 1ರಂತೆ ಮಾತ್ರ ಮರಳುತ್ತದೆ. ಅದಕ್ಕೇ ವಾರಪೂರ್ತಿ ಹೊಡೆದವರು ಏಳನೇ ದಿನ, ಮೊದಲ ದಿನದಷ್ಟೇ ತಾಗಿದರೂ ಕುಸಿಯಬಹುದು. ಹಂಗಾಮಿನ ಮೊದಲು ಈ ಕಿಣ್ವದ ರಕ್ತ ಪರೀಕ್ಷೆ ಮಾಡಿಸಿ ಆ ಅಂಕಿ ಇಟ್ಟುಕೊಳ್ಳಿ; ಮುಂದಿನ ಪರೀಕ್ಷೆಯಲ್ಲಿ ಅದರ ಶೇ 70ಕ್ಕೆ ಇಳಿದಿದ್ದರೆ ಆ ಕೆಲಸದಿಂದ ಪೂರ್ತಿ ದೂರ ಇಡಬೇಕು. ಮೊದಲಿನ ಅಂಕಿ ಇಲ್ಲದೆ ಒಂದೇ ವರದಿ ನೋಡಿದರೆ ಹೆಚ್ಚೇನೂ ತಿಳಿಯದು.

ಯಾರಾದರೂ ಬಿದ್ದರೆ: ನೀವು ಗ್ಲೌಸು ಹಾಕಿಕೊಂಡು ಅವರನ್ನು ದೂರ ತನ್ನಿ, ಬಟ್ಟೆ ಪೂರ್ತಿ ತೆಗೆಯಿರಿ, ಸೋಪು ನೀರಿನಿಂದ 15 ನಿಮಿಷ ತೊಳೆಯಿರಿ, ಕೂದಲು, ಕಿವಿಹಿಂದೆ, ಉಗುರು ಮರೆಯಬೇಡಿ. ಉಸಿರು ಕಷ್ಟವಾಗುತ್ತಿದ್ದರೆ ತೊಳೆಯುತ್ತಾ ಕೂತು ಆಸ್ಪತ್ರೆಗೆ ಹೊರಡುವುದನ್ನು ತಡಮಾಡಬೇಡಿ. ಕಣ್ಣಿಗೆ ಬಿದ್ದಿದ್ದರೆ ಬರೀ ನೀರು, ಅದೂ 15 ನಿಮಿಷ. ವಾಂತಿ ಮಾಡಿಸಬಾರದು, ಉಪ್ಪುನೀರು, ಹಾಲು, ಎಣ್ಣೆ ಕುಡಿಸಬಾರದು. ಎಡಮಗ್ಗುಲಿಗೆ ಮಲಗಿಸಿ ಕರೆದೊಯ್ಯಿರಿ. ಬಾಟಲಿಯ ಲೇಬಲ್ ಅಥವಾ ಅದರ ಫೋಟೊ ಜೊತೆಗಿರಲೇಬೇಕು, ಚಿಕಿತ್ಸೆ ಅದರ ಮೇಲೇ ನಿಂತಿದೆ: ಆರ್ಗನೋಫಾಸ್ಫೇಟಿಗೆ ಪ್ರತಿವಿಷವಾಗಿ ಅಟ್ರೋಪಿನ್ ಇದೆ, ಪ್ಯಾರಾಕ್ವಾಟ್ ಕಳೆನಾಶಕಕ್ಕೆ ಪ್ರತಿವಿಷವೇ ಇಲ್ಲ, ಮೇಲಾಗಿ ಅದರಲ್ಲಿ ಅನಗತ್ಯ ಆಮ್ಲಜನಕ ಶ್ವಾಸಕೋಶದ ಹಾನಿಯನ್ನು ಹೆಚ್ಚಿಸುತ್ತದೆ.

ಆರ್ಗನೋಫಾಸ್ಫೇಟ್ ಆಗಿದ್ದರೆ, ಚೇತರಿಸಿಕೊಂಡರು ಎಂದು ಮೊದಲ ದಿನವೇ ಮನೆಗೆ ಕರೆತರಬೇಡಿ. 1ರಿಂದ 4 ದಿನದೊಳಗೆ ಕುತ್ತಿಗೆಯ, ಉಸಿರಾಟದ ಸ್ನಾಯುಗಳು ಸೋಲುವ ಎರಡನೇ ಹಂತ ಬರಬಹುದು. ಮಲಗಿದಲ್ಲಿಂದ ದಿಂಬಿನ ಮೇಲಿನ ತಲೆ ಎತ್ತಲು ಹೇಳಿ ನೋಡಿ. ಎತ್ತಲಾಗದಿದ್ದರೆ ತಕ್ಷಣ ವೈದ್ಯರನ್ನು ಕರೆಯಿರಿ, ವೆಂಟಿಲೇಟರ್ ಬೇಕಾಗಬಹುದು.