ಎರಡು ಬೇರೆ ಬೇರೆ ಟಿಕೆಟ್ ತಗೊಂಡು ಕನೆಕ್ಷನ್ ಫ್ಲೈಟ್ ತಪ್ಪಿದ್ರೆ ಎಷ್ಟು ಪರಿಹಾರ ಸಿಗುತ್ತೆ?

ಡಿಸೆಂಬರ್ ಕೊನೇಲಿ ಹಾಸನದಿಂದ ಅಪ್ಪನ್ನ ಕರ್ಕೊಂಡು ಹೊರಟಿದೀರ, ಬೆಂಗಳೂರು-ದೆಹಲಿ ಒಂದು ಟಿಕೆಟ್, ದೆಹಲಿ-ಫ್ರಾಂಕ್‌ಫರ್ಟ್ ಇನ್ನೊಂದು, ಮಧ್ಯೆ 3 ಗಂಟೆ ಟೈಮು, 11 ಸಾವಿರ ಉಳಿಯುತ್ತೆ, ತಪ್ಪಿದ್ರೂ 600 ಯೂರೋ ಬರುತ್ತಂತಲ್ಲ ಅಂತ ಕೇಳಿದೀರ. ಬರಲ್ಲ. ಒಂದು ಯೂರೋನೂ ಬರಲ್ಲ. ನಿಮ್ಮ ಪ್ರಶ್ನೆ ಓದ್ತಾ ಓದ್ತಾ ನಂಗೆ ನನ್ನ 2023ರ ನವೆಂಬರ್ ನೆನಪಾಯ್ತು, ಆವತ್ತು ನನ್ನ ತಲೇಲೂ ಇದೇ ಲೆಕ್ಕ ಇತ್ತು, ಆ ಲೆಕ್ಕದಿಂದಾನೇ ನಾನು ಹಾಳಾಗಿದ್ದು, ಅದಕ್ಕೇ ರಾತ್ರಿ ಕೂತು ಇಷ್ಟುದ್ದ ಬರೀತಿದೀನಿ.

ನಾನೂ ಹಾಸನದವನೇ, ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಲೆಕ್ಕಪತ್ರ ನೋಡ್ಕೋತೀನಿ. ನಮ್ಮಕ್ಕ ಜರ್ಮನಿಯಲ್ಲಿ, ಫ್ರಾಂಕ್‌ಫರ್ಟಿಂದ ಅರ್ಧ ಗಂಟೆ ದೂರದ ಊರಲ್ಲಿ ಇರೋದು. ಮೊದಲ ಹೆರಿಗೆ, ಸಿಸೇರಿಯನ್ ಅಂತ ಡಾಕ್ಟ್ರು ದಿನ ಕೊಟ್ಟಿದ್ರು, ಗುರುವಾರ. ಬಾಣಂತನ ಮಾಡೋಕೆ ಅಮ್ಮ ಹೋಗ್ಬೇಕು, ಅಮ್ಮ ಅಲ್ಲೀವರೆಗೆ ವಿಮಾನ ಹತ್ತಿದವರೇ ಅಲ್ಲ, ಬಿಡೋಕೆ ನಾನು. ಹಣ್ಣು ಕೊಯ್ಲು ಶುರುವಾಗೋ ಟೈಮು, ಮಾಲು ಬರೋಕೆ ಮುಂಚೆ ವಾಪಸ್ ಬರ್ತೀನಿ ಅಂತ ಸಾಹುಕಾರ್ರ ಹತ್ರ ಬೇಡ್ಕೊಂಡು ಮೂರು ವಾರ ರಜೆ ತಗೊಂಡಿದ್ದೆ. ಟ್ರಾವೆಲ್ಸ್ ಅಂಗಡಿಯವ್ರು ಬೆಂಗಳೂರು-ಮುಂಬೈ ಒಂದು ಏರ್‌ಲೈನು, ಮುಂಬೈ-ಫ್ರಾಂಕ್‌ಫರ್ಟ್ ಹೋಗಿಬರೋದು ಇನ್ನೊಂದು ಏರ್‌ಲೈನು, ಹೀಗೆ ತಗೊಂಡ್ರೆ ಇಬ್ಬರಿಗೂ ಸೇರಿ 13,500 ಉಳಿಯುತ್ತೆ ಅಂದ್ರು. ಒಂದೇ ಹಾಳೇಲಿ ಎರಡನ್ನೂ ಪ್ರಿಂಟ್ ಹಾಕಿ ಕೊಟ್ರು. ಒಂದೇ ಹಾಳೇಲಿ ಇದೆ ಅಂದ್ಮೇಲೆ ಒಂದೇ ಟಿಕೆಟ್ ಅನ್ಕೊಂಡೆ. ಮಧ್ಯೆ 4 ಗಂಟೆ 20 ನಿಮಿಷ ಇತ್ತು, ನಿಮಗಿಂತ ಜಾಸ್ತಿ.

ಬೆಂಗಳೂರಿಂದ ಸಂಜೆ 6:40ಕ್ಕೆ ಹೊರಡ್ಬೇಕು. ಮುಂಬೈಯಿಂದ ರಾತ್ರಿ 12:50ಕ್ಕೆ ಜರ್ಮನಿದು. ದೇವನಹಳ್ಳಿಗೆ ಮೂರು ಗಂಟೆಗೇ ಹೋಗಿ ಕೂತಿದ್ವಿ. ಮೊದಲು 40 ನಿಮಿಷ ಲೇಟ್ ಅಂತ ಮೆಸೇಜ್ ಬಂತು. ಆಮೇಲೆ ಒಂದೂಕಾಲು ಗಂಟೆ. ಏಳೂವರೆಗೆ ಇನ್ನೊಂದು ಮೆಸೇಜು, ಹೊರಡೋದು 9:15ಕ್ಕೆ, ಬರಬೇಕಾದ ವಿಮಾನಾನೇ ಬಂದಿಲ್ಲ ಅಂತ.

ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ, ನಾನು ತಪ್ಪು ಮಾಡಿದ್ದು ಇಲ್ಲೇ. ಎರಡು ಟಿಕೆಟ್ ತಗೊಂಡಿದ್ದು ತಪ್ಪೇ ಸರಿ, ಆದ್ರೆ ಅಷ್ಟೇ ಆಗಿದ್ರೆ ನಲವತ್ತೋ ಐವತ್ತೋ ಸಾವಿರದಲ್ಲಿ ಮುಗೀತಿತ್ತು. ಏಳೂವರೆ ಗಂಟೆ ಹೊತ್ತಿಗೆ ನಂಗೆ ಗೊತ್ತಾಗಿತ್ತು, 9:15ಕ್ಕೆ ಹೊರಟ್ರೆ ಮುಂಬೈ ಮುಟ್ಟೋದು 11 ಗಂಟೆ, ಬ್ಯಾಗ್ ಬರೋದು ಹನ್ನೊಂದೂಕಾಲು ಹನ್ನೊಂದೂವರೆ, ನಾವಿಳಿಯೋದು ಟರ್ಮಿನಲ್ 1, ಜರ್ಮನಿ ವಿಮಾನ ಟರ್ಮಿನಲ್ 2, ಹೊರಗಡೆ ಬಂದು ಟ್ಯಾಕ್ಸಿ ಹಿಡೀಬೇಕು, ಕೌಂಟರ್ ಮುಚ್ಚೋದು 11:50. ಕೈಯಲ್ಲಿ ಫೋನಿತ್ತು. ಎರಡನೇ ಏರ್‌ಲೈನಿನ ನಂಬರ್ ಆ ಹಾಳೆ ಮೇಲೇ ಇತ್ತು. ಆ ವಿಮಾನ ಹೊರಡೋಕೆ ಇನ್ನೂ ಐದೂಕಾಲು ಗಂಟೆ ಇತ್ತು. ಆಗ ಫೋನ್ ಮಾಡಿ ‘ನಾವು ಇವತ್ತು ಮುಟ್ಟಲ್ಲ, ನಾಳೆಗೆ ಹಾಕಿಕೊಡಿ’ ಅಂದಿದ್ರೆ ಅದು ಬರೀ ಟಿಕೆಟ್ ಚೇಂಜ್. ಒಬ್ಬರಿಗೆ ಸುಮಾರು 14 ಸಾವಿರ ಚೇಂಜ್ ಫೀ, ಮೇಲೆ ದರದ ವ್ಯತ್ಯಾಸ ಎಷ್ಟಿದ್ಯೋ ಅಷ್ಟು. ಟಿಕೆಟ್ ಜೀವಂತ ಇರ್ತಿತ್ತು, ವಾಪಸ್ ಬರೋದೂ ಸೇರಿ.

ಮಾಡ್ಲಿಲ್ಲ. ಯಾಕೆ ಮಾಡ್ಲಿಲ್ಲ ಅಂದ್ರೆ, ಲೇಟ್ ಮಾಡಿದವ್ರು ಅವ್ರು, ನಾನಾಗೇ ಟಿಕೆಟ್ ಬದಲಾಯಿಸಿದ್ರೆ ನಾನೇ ಒಪ್ಕೊಂಡ ಹಾಗಾಗುತ್ತೆ, ನಾಳೆ ಪರಿಹಾರ ಕೇಳಿದ್ರೆ ನೀವೇ ಚೇಂಜ್ ಮಾಡಿದ್ರಲ್ಲ ಅಂತಾರೆ, ಅದಕ್ಕೆ ಸುಮ್ನೆ ಹೋಗಿ ತಪ್ಪಿಸ್ಕೊಂಡು ಆಮೇಲೆ ಕೇಳೋಣ ಅಂತ ಕೂತೆ. 600 ಯೂರೋ ಅಂತ ಎಲ್ಲೋ ಓದಿದ್ದೆ, ಇಬ್ಬರಿಗೆ 1,200 ಯೂರೋ ಅಂತ ಮನಸ್ಸಲ್ಲೇ ಗುಣಿಸಿಯೂ ಆಗಿತ್ತು. ಅಮ್ಮ ಎರಡು ಸಲ ಕೇಳಿದ್ರು, ‘ಅವರಿಗೊಂದು ಫೋನ್ ಮಾಡಿ ಹೇಳ್ಬಾರದೇನೋ, ಲೇಟಾಗುತ್ತೆ ಅಂತ’. ಬೇಡಮ್ಮ ನಿಂಗೊತ್ತಾಗಲ್ಲ ಅಂದುಬಿಟ್ಟೆ. ಅಮ್ಮ ಹೇಳಿದ್ದೇ ಸರಿ ಇತ್ತು.

ಹೊರಟಿದ್ದು 9:30ಕ್ಕೆ. ಟರ್ಮಿನಲ್ 2ರ ಕೌಂಟರ್ ಮುಂದೆ ನಿಂತಾಗ 11:58. ಎಂಟು ನಿಮಿಷ. ಆಗ್ಲೂ ವಿಮಾನ ಹೊರಡೋಕೆ 52 ನಿಮಿಷ ಇತ್ತು, ಆಗ್ಲೂ ಚೇಂಜ್ ಮಾಡಿಸ್ಬಹುದಿತ್ತು, ನಾನು ಜಗಳ ಆಡ್ತಾ ನಿಂತೆ. 12:50 ದಾಟ್ತು, ನಾವು ನೋ-ಶೋ ಆದ್ವಿ, ಅಂದ್ರೆ ಟಿಕೆಟ್ ಇದ್ದೂ ಹೇಳದೆ ಬರದವರ ಲೆಕ್ಕ. ಬಾಣಂತಿ ಲೇಹ್ಯದ ಡಬ್ಬ ಇದ್ದ ಬ್ಯಾಗಿನ ಮೇಲೆ ಅಮ್ಮ ಕೂತಿದ್ರು, ಒಂದು ಮಾತಾಡ್ಲಿಲ್ಲ.

ಮಾರನೇ ರಾತ್ರಿಗೆ ಬರೀ ಹೋಗೋದಕ್ಕೆ ಹೊಸ ಟಿಕೆಟ್, ಇಬ್ಬರಿಗೆ 1,08,000. ವಾಪಸ್ ಬರೋದು ಹಳೇ ಟಿಕೆಟ್ಟಲ್ಲಿ ಇದ್ದೇ ಇದೆಯಲ್ಲ ಅಂತ ಸಮಾಧಾನ ಮಾಡ್ಕೊಂಡೆ. ಇರ್ಲಿಲ್ಲ. ಹೋಗಿಬರೋ ಟಿಕೆಟ್ಟಲ್ಲಿ ಮೊದಲನೇ ವಿಮಾನ ಹತ್ತದೆ ನೋ-ಶೋ ಆದ್ರೆ ಮುಂದಿನದೆಲ್ಲ ತಾನಾಗೇ ಕ್ಯಾನ್ಸಲ್ ಆಗುತ್ತೆ, ಬಹುತೇಕ ಏರ್‌ಲೈನ್‌ಗಳಲ್ಲಿ ಹಾಗೇ. ಇದು ನಂಗೆ ಗೊತ್ತಾಗಿದ್ದು ಮೂರು ವಾರ ಆದ್ಮೇಲೆ, ಅಕ್ಕನ ಮನೇಲಿ ಕೂತು ವೆಬ್ ಚೆಕ್-ಇನ್ ಮಾಡೋಕೆ ಹೋದಾಗ, ಬುಕಿಂಗೇ ಇಲ್ಲ. ನಂಗೆ 38,000, ಫೆಬ್ರವರಿಯಲ್ಲಿ ಅಮ್ಮ ಬರೋಕೆ 41,000. ಒಟ್ಟು 1,87,000, ಮುಂಬೈ ಲಾಡ್ಜು ಟ್ಯಾಕ್ಸಿ ಬಿಟ್ಟು. ಉಳಿಸಿದ್ದು 13,500. ಮಗು ಗುರುವಾರ ಬೆಳಿಗ್ಗೆ ಹುಟ್ತು, ಆಗ ನಾವಿನ್ನೂ ಮುಂಬೈ ಲಾಡ್ಜಲ್ಲಿ. ಅಕ್ಕನ್ನ ಆಪರೇಷನ್ ಥಿಯೇಟರಿಗೆ ಕರ್ಕೊಂಡು ಹೋಗೋವಾಗ ಅಮ್ಮ ಪಕ್ಕದಲ್ಲಿರ್ಬೇಕಿತ್ತು. ಅದಕ್ಕೆ ಯಾರು ಪರಿಹಾರ ಕೊಡ್ತಾರೆ.

ಈಗ ಕಾನೂನಿನ ವಿಷಯ, ನಾನು ಆಮೇಲೆ ತಿಂಗಳುಗಟ್ಟಲೆ ಓದಿ, ಪತ್ರ ಬರೆದು ತಿಳ್ಕೊಂಡಿದ್ದು. ನೀವು ಹೇಳ್ತಿರೋ 600 ಯೂರೋ ಯೂರೋಪಿಯನ್ ಯೂನಿಯನ್ನಿನ 2004ರ ನಿಯಮ, 261 ಅಂತಾರಲ್ಲ ಅದು. ಯೂರೋಪಿಂದ ಹೊರಡೋ ಯಾವ ವಿಮಾನಕ್ಕಾದ್ರೂ ಅನ್ವಯ, ನಮ್ಮ ಕಡೆಯಿಂದ ಅಲ್ಲಿಗೆ ಹೋಗೋದಾದ್ರೆ ಏರ್‌ಲೈನು ಯೂರೋಪಿನದೇ ಆಗಿರ್ಬೇಕು. ಕೊನೇ ಊರಿಗೆ 3 ಗಂಟೆ ಅಥವಾ ಅದಕ್ಕಿಂತ ತಡವಾಗಿ ಮುಟ್ಟಿದ್ರೆ ದೂರದ ಮೇಲೆ 250, 400, 600 ಯೂರೋ. ಕನೆಕ್ಷನ್ ತಪ್ಪಿದ್ರೂ ಸಿಗುತ್ತೆ, ಆದ್ರೆ ಎಲ್ಲಾ ಒಂದೇ ಬುಕಿಂಗಲ್ಲಿ ಇದ್ರೆ ಮಾತ್ರ. ನಾನು ನಮ್ಮ ಎರಡನೇ ಏರ್‌ಲೈನಿಗೆ ಬರೆದಾಗ ಬಂದ ಉತ್ತರ ಎರಡೇ ಸಾಲು: ನಮ್ಮ ವಿಮಾನ ಟೈಮಿಗೆ ಸರಿಯಾಗಿ ಹೊರಟಿದೆ, ನೀವು ಬರಲಿಲ್ಲ. ಅವರ ಕಡೆಯಿಂದ ನೋಡಿದ್ರೆ ಅದು ನಿಜಾನೇ.

ಇನ್ನು ಮೊದಲನೇ ಏರ್‌ಲೈನು, ನಮ್ಮ ದೇಶದೊಳಗಿನದು. ಅದಕ್ಕೆ ಡಿಜಿಸಿಎ, ಅಂದ್ರೆ ನಮ್ಮ ದೇಶದ ವಿಮಾನಯಾನ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆಯ ನಿಯಮ. ಲೇಟಾದ್ರೆ ದುಡ್ಡು ಕೊಡ್ಬೇಕು ಅಂತ ಅದರಲ್ಲಿ ಇಲ್ವೇ ಇಲ್ಲ. ನಮ್ಮ ಮುಂಬೈ ವಿಮಾನದಂಥ ಚಿಕ್ಕ ಹಾರಾಟ ಎರಡು ಗಂಟೆ ತಡವಾದ್ರೆ ತಿಂಡಿ-ತೀರ್ಥ (ನಮಗೆ ಒಂದು ಸ್ಯಾಂಡ್‌ವಿಚ್, ಒಂದು ಜ್ಯೂಸ್ ಸಿಕ್ತು), 6 ಗಂಟೆ ದಾಟಿದ್ರೆ ಬೇರೆ ವಿಮಾನ ಅಥವಾ ಪೂರ್ತಿ ರೀಫಂಡು, ರಾತ್ರಿ 8ರಿಂದ 3ರೊಳಗಿನ ವಿಮಾನ 6 ಗಂಟೆಗಿಂತ ಹೆಚ್ಚು ತಡವಾದ್ರೆ ಹೋಟೆಲ್ ರೂಮು. ದುಡ್ಡು ಸಿಗೋದು ಎರಡು ಕಡೆ. ಹೇಳದೆ ಕೇಳದೆ ಕ್ಯಾನ್ಸಲ್ ಮಾಡಿದ್ರೆ 5,000, 7,500 ಅಥವಾ 10,000, ಹಾರಾಟದ ಸಮಯದ ಮೇಲೆ, ಅದೂ ನಿಮ್ಮ ಮೂಲ ದರ ಮತ್ತೆ ಫ್ಯೂಯೆಲ್ ಚಾರ್ಜ್ ಸೇರಿ ಅದಕ್ಕಿಂತ ಕಮ್ಮಿ ಇದ್ರೆ ಅಷ್ಟೇ. ಸೀಟು ಕನ್ಫರ್ಮ್ ಇದ್ದು ಟೈಮಿಗೆ ಹೋದ್ರೂ ಜಾಗ ಇಲ್ಲ ಅಂತ ಹತ್ತಿಸ್ಕೊಳ್ದೆ ಇದ್ರೆ ಆ ದರದ ಎರಡು ಪಟ್ಟು ಇಲ್ಲ ನಾಲ್ಕು ಪಟ್ಟು, 10,000 ಮತ್ತೆ 20,000 ಮಿತಿಯೊಳಗೆ. ನೀವು ಹೋಗ್ತಿರೋದು ಡಿಸೆಂಬರ್ ಕೊನೇಲಿ ದೆಹಲಿ ಮೇಲೆ. ಮಂಜು ಬಿದ್ದು ಕ್ಯಾನ್ಸಲ್ ಆದ್ರೆ ಅದು ಏರ್‌ಲೈನಿನ ಕೈ ಮೀರಿದ ಕಾರಣ, ಆಗ ಈ 10,000ನೂ ಇಲ್ಲ, ರೀಫಂಡು ಅಥವಾ ಬೇರೆ ವಿಮಾನ ಅಷ್ಟೇ. ದೆಹಲಿ ಮಂಜು ಅಂದ್ರೆ ನಮ್ಮ ಸಕಲೇಶಪುರದ ಮಂಜಿನ ಹಾಗಲ್ಲ, ಒಂದೊಂದು ದಿನ ಸಾಲು ಸಾಲು ವಿಮಾನ ನಿಂತುಬಿಡುತ್ತೆ.

ಇನ್ನೊಂದು ವಿಷಯ, ಯಾರೂ ಹೇಳಲ್ಲ. ಟ್ರಾವೆಲ್ಸ್‌ನವ್ರು ಬುಕ್ ಮಾಡೋವಾಗ ತಮ್ಮ ಅಂಗಡಿ ನಂಬರನ್ನೇ ಹಾಕಿಬಿಡ್ತಾರೆ. ಮೆಸೇಜೆಲ್ಲ ಅವರಿಗೆ ಹೋಗುತ್ತೆ. ಸರಿಯಾದ ನಂಬರ್ ಕೊಟ್ಟಿಲ್ಲದ ಪ್ರಯಾಣಿಕರಿಗೆ ಪರಿಹಾರ ಕೊಡ್ಬೇಕಿಲ್ಲ ಅಂತ ನಿಯಮದಲ್ಲೇ ಇದೆ. ನಿಮ್ಮ ನಂಬರ್, ನಿಮ್ಮ ಇಮೇಲ್ ಇದ್ಯಾ ನೋಡಿ.

ನಂಗೆ ವಾಪಸ್ ಬಂದಿದ್ದು ತೆರಿಗೆ ಮತ್ತೆ ಏರ್‌ಪೋರ್ಟ್ ಶುಲ್ಕ ಮಾತ್ರ, ಇಬ್ಬರಿಂದ 9 ಸಾವಿರ ಚಿಲ್ಲರೆ. ಹತ್ತದೇ ಇರೋ ಟಿಕೆಟ್ಟಿಗೆ, ಅದು ನಾನ್-ರೀಫಂಡಬಲ್ ಆದ್ರೂ, ಅದನ್ನ ಕೇಳಿ ತಗೋಬೇಕು, ಕೇಳದೆ ಕೊಡಲ್ಲ. ಏರ್‌ಸೇವಾ ಅನ್ನೋ ಸರ್ಕಾರದ ಪೋರ್ಟಲಲ್ಲಿ ದೂರು ಹಾಕಿದ ಮೇಲೆ ಬಂತು. ಗ್ರಾಹಕರ ಆಯೋಗಕ್ಕೆ ಹೋಗೋಣ ಅಂತ ಪರಿಚಯದ ಲಾಯರ್ ಹತ್ರ ಹಾಳೆ ತೋರಿಸ್ದೆ, ಎರಡು ಟಿಕೆಟ್ ನೋಡಿ ಕೇಸಲ್ಲಿ ಜೀವ ಇಲ್ಲ ಅಂದ್ರು. ಆದ್ರೆ ನಿಜವಾದ ಕೇಸ್ ಇದ್ದವ್ರು ಬೆಂಗಳೂರಿಗೆ ಅಲೀಬೇಕು ಅಂತ ಸುಮ್ನಾಗ್ಬೇಡಿ. 2019ರ ಗ್ರಾಹಕರ ರಕ್ಷಣಾ ಕಾಯ್ದೆ ಪ್ರಕಾರ ನೀವಿರೋ ಜಿಲ್ಲೆಯಲ್ಲೇ ಹಾಕ್ಬಹುದು, ಹಾಸನದಲ್ಲೇ, 5 ಲಕ್ಷದವರೆಗಿನದಕ್ಕೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಹಾಕ್ಬೇಕು ಅಷ್ಟೇ. ಮೊದಲು ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ನೋಡಿ.

ಒಂದೇ ಟಿಕೆಟ್ ಅಂದ್ರೆ ಏನು ಅಂತ ಕಳೆದ ವರ್ಷ ಕಣ್ಣಾರೆ ಕಂಡೆ. ಅಮ್ಮ ಒಬ್ರೇ ಮೊಮ್ಮಗು ನೋಡೋಕೆ ಹೋದ್ರು, ಬೆಂಗಳೂರು-ಆಮ್‌ಸ್ಟರ್‌ಡ್ಯಾಮ್-ಫ್ರಾಂಕ್‌ಫರ್ಟ್, ಯೂರೋಪಿನ ಏರ್‌ಲೈನು, ಒಂದೇ ಬುಕಿಂಗು, ವೀಲ್‌ಚೇರ್ ಹೇಳಿ ಬಿಟ್ಟಿದ್ದೆ. ಬೆಂಗಳೂರಲ್ಲೇ ವಿಮಾನ ಕೆಟ್ಟು ಲೇಟಾಗಿ ಆಮ್‌ಸ್ಟರ್‌ಡ್ಯಾಮಲ್ಲಿ ಕನೆಕ್ಷನ್ ತಪ್ಪಿತು. ಇಂಗ್ಲಿಷ್ ನಾಲ್ಕು ಮಾತು ಬರದ ಅಮ್ಮನ್ನ ಅವರೇ ಮುಂದಿನ ವಿಮಾನಕ್ಕೆ ಹಾಕಿದ್ರು, ಊಟದ ಚೀಟಿ ಕೊಟ್ರು, ಬ್ಯಾಗೂ ಜೊತೇಲೇ ಬಂತು. ಐದು ಗಂಟೆ ತಡ. ವಿಮಾನ ಕೆಟ್ಟಿದ್ದು ಸಾಮಾನ್ಯವಾಗಿ ಕೈ ಮೀರಿದ ಕಾರಣ ಅಂತ ಲೆಕ್ಕಕ್ಕೆ ಬರಲ್ಲ, ಅದಕ್ಕೆ ನಾನು ಬರೆದೆ. ಮೊದಲು ವೋಚರ್ ಕೊಡ್ತೀವಿ ಅಂದ್ರು, ದುಡ್ಡೇ ಬೇಕು ಅಂತ ಕೇಳೋ ಹಕ್ಕಿದೆ, ಕೇಳ್ದೆ. ಎರಡು ತಿಂಗಳಲ್ಲಿ 600 ಯೂರೋ ಅಮ್ಮನ ಖಾತೆಗೆ ಬಂತು.

ಹಾಗಾಗಿ ನೀವು ಕೇಳ್ತಿರೋ ಪ್ರಶ್ನೇನೇ ಬಿಡಿ ಅಂತೀನಿ. ತಪ್ಪಿದ್ರೆ ಎಷ್ಟು ಬರುತ್ತೆ ಅಂತ ಲೆಕ್ಕ ಹಾಕಿ ಯಾರೂ ಅಪ್ಪನ್ನ ಕರ್ಕೊಂಡು ಹೊರಡ್ಬಾರದು. ಬೆಂಗಳೂರಿಂದ ಫ್ರಾಂಕ್‌ಫರ್ಟಿಗೆ ನೇರ ವಿಮಾನಾನೇ ಇದೆ, ದುಬಾರಿ ಅನ್ಸಿದ್ರೆ ಒಂದೇ ಪಿಎನ್‌ಆರ್ (ಬುಕಿಂಗ್ ನಂಬರ್) ಇರೋ ಕನೆಕ್ಷನ್ ತಗೊಳ್ಳಿ, ಬ್ಯಾಗು ಬೆಂಗಳೂರಲ್ಲಿ ಕೊಟ್ರೆ ಫ್ರಾಂಕ್‌ಫರ್ಟಲ್ಲಿ ಸಿಗುತ್ತಾ ಅಂತ ಅಂಗಡಿಯವರನ್ನ ಕೇಳಿ, ಇಲ್ಲ ಅಂದ್ರೆ ಎದ್ದು ಬನ್ನಿ. ಮತ್ತೆ ನಮ್ಮಂಥವರಿಗೆ ಮೊದಲ ಕನೆಕ್ಷನ್ ಹಾಸನದಿಂದಾನೇ ಶುರು, ಬೆಂಗಳೂರೇ 185 ಕಿಲೋಮೀಟರ್, ಊರೊಳಗೆ ಹೋಗದೆ ನೆಲಮಂಗಲದಿಂದ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿಗೆ ಹೋಗಿ, ಗೊರಗುಂಟೆಪಾಳ್ಯದಲ್ಲಿ ಸಿಕ್ಕಿಹಾಕ್ಕೊಂಡ್ರೆ ಅದಕ್ಕಂತೂ ಯಾರೂ ಜವಾಬ್ದಾರಿ ಅಲ್ಲ.

ಈಗಾಗ್ಲೇ ಬುಕ್ ಆಗಿದ್ರೆ ದೆಹಲಿ ಟಿಕೆಟ್ಟನ್ನ ಹಿಂದಿನ ದಿನಕ್ಕೆ ಚೇಂಜ್ ಮಾಡಿಸಿ, ಒಂದು ರಾತ್ರಿ ದೆಹಲಿಯಲ್ಲಿ ಮಲಗಿ, 11 ಸಾವಿರ ಅಲ್ಲೇ ಖರ್ಚಾಗ್ಲಿ. ಅಷ್ಟಾದ್ಮೇಲೂ ತಡವಾಗೋ ಸೂಚನೆ ಕಂಡ್ರೆ ಅಪ್ಪ ಕೇಳೋವರೆಗೂ ಕಾಯ್ಬೇಡಿ, ಎರಡನೇ ವಿಮಾನ ಹೊರಡೋ ಮುಂಚೆ ಆ ಏರ್‌ಲೈನಿಗೆ ಫೋನ್ ಮಾಡಿ ದಿನ ಬದಲಾಯಿಸ್ಕೊಳ್ಳಿ. ಬುಕಿಂಗಿನ ಫೋಟೋ ಇಲ್ಲಿ ಹಾಕಿದ್ರೆ ಒಂದೇ ಟಿಕೆಟ್ಟಾ ಎರಡಾ ಅಂತ ನೋಡಿ ಹೇಳ್ತೀನಿ, ಪಿಎನ್‌ಆರ್ ನಂಬರ್ ಮೇಲೆ ಬೆರಳಿಟ್ಟು ತೆಗೀರಿ, ಅದು ಮತ್ತೆ ಹೆಸರು ಗೊತ್ತಿದ್ರೆ ಯಾರು ಬೇಕಾದ್ರೂ ನಿಮ್ಮ ಟಿಕೆಟ್ ತೆಗೆದು ಬದಲಾಯಿಸಿಬಿಡ್ಬಹುದು.